ವರ್ಷದ ಶೇರು ಆರಿಸುವಾಗ ನಾನು ಮೊದಲು ನೋಡುವುದು ಉದ್ರಿ

ದೀಪಾವಳಿ ಹತ್ತಿರ ಬಂತೆಂದರೆ 'ಈ ವರ್ಷದ ಹತ್ತು ಶೇರು' ಅನ್ನೋ ಪಟ್ಟಿಗಳು ಮೊಬೈಲಿಗೆ ಬಂದು ಬೀಳುತ್ತವೆ. ದೀಪಾವಳಿಯಂದು ಶುಭಕ್ಕೆಂದು ಸ್ವಲ್ಪ ಹೊತ್ತು ಮಾರುಕಟ್ಟೆ ತೆರೆಯುವ ಮುಹೂರ್ತ ಟ್ರೇಡಿಂಗ್ ದಿನ ಒಂದಾದರೂ ಕೊಳ್ಳಬೇಕು ಅನ್ನುವವರು ಬೆಳಗಾವಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನೂ ಆ ಪಟ್ಟಿಗಳನ್ನು ಬಿಡುವುದಿಲ್ಲ. ಹೆಸರುಗಳನ್ನೆಲ್ಲ ಒಂದು ವಹಿಯಲ್ಲಿ ಬರೆದುಕೊಳ್ಳುತ್ತೇನೆ, ಆಮೇಲೆ ಒಂದೊಂದಾಗಿ ಹೊಡೆದು ಹಾಕುತ್ತೇನೆ. ನನ್ನ ಆಯ್ಕೆ ಅಂದರೆ ಹೀಗೆ ಹೊಡೆದು ಉಳಿದದ್ದು, ಅಷ್ಟೇ.

ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಎರಕದ ಕಾರ್ಖಾನೆಯಲ್ಲಿ, ಲೆಕ್ಕಪತ್ರ ನೋಡುವುದು ನನ್ನ ಕೆಲಸ. ಹಾಗಾಗಿ ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ಅಧ್ಯಕ್ಷರ ಭಾಷಣ, ಬಣ್ಣದ ಫೋಟೋ ಎಲ್ಲ ದಾಟಿ ಸೀದಾ ಉದ್ರಿಗೆ ಹೋಗುತ್ತೇನೆ. ಮಾರಿದ ಮಾಲಿಗೆ ಇನ್ನೂ ಬರಬೇಕಾದ ರೊಕ್ಕ ಎಷ್ಟು? ಮಾರ್ಚ್ ಕೊನೆಯ ವಾರದ ಆಟ ಅಕೌಂಟ್ಸ್‌ನವರಿಗೆ ಹೊಸದೇನಲ್ಲ. ಡೀಲರ್ ಬೇಡ ಅಂದರೂ ಮಾಲು ಕಳಿಸಿ ಬಿಲ್ ಮಾಡುವ ಕಂಪನಿಗಳಿವೆ. ಪುಸ್ತಕದಲ್ಲಿ ಮಾರಾಟ ಏರುತ್ತದೆ, ಲಾಭವೂ ಏರುತ್ತದೆ. ಬ್ಯಾಂಕಿಗೆ ಮಾತ್ರ ಏನೂ ಬಂದಿರುವುದಿಲ್ಲ. ಮಾರಾಟ ನೂರಕ್ಕೆ ಹತ್ತು ಹೆಚ್ಚಾಗಿ, ಬರಬೇಕಾದ ಬಾಕಿ ನೂರಕ್ಕೆ ನಲವತ್ತು ಹೆಚ್ಚಾಗಿದ್ದರೆ ನಾನು ಮುಂದಿನ ಪುಟ ತಿರುವುವುದಿಲ್ಲ.

ಆಮೇಲೆ ನಗದು ಹರಿವಿನ ಪಟ್ಟಿ. ಐದು ವರ್ಷದ ನಿವ್ವಳ ಲಾಭ ಕೂಡಿಸಿ, ಅದೇ ಐದು ವರ್ಷ ವ್ಯವಹಾರದಿಂದ ಬಂದ ನಗದು ಕೂಡಿಸಿ ಪಕ್ಕಪಕ್ಕ ಇಡುತ್ತೇನೆ. ಒಂದು ವರ್ಷದ ಲೆಕ್ಕ ಹಿಂದೆ ಮುಂದೆ ಆಗಬಹುದು, ಐದು ವರ್ಷ ಒಟ್ಟಿಗೆ ನೋಡಿದರೂ ನಗದು ಲಾಭಕ್ಕಿಂತ ಬಹಳ ಹಿಂದಿದ್ದರೆ ಬಣ್ಣ ಗೊತ್ತಾಗುತ್ತದೆ. ಪ್ರವರ್ತಕರು, ಅಂದರೆ ಕಂಪನಿ ಕಟ್ಟಿ ನಡೆಸುವವರು, ಸಾಲಕ್ಕೆ ತಮ್ಮ ಶೇರು ಒತ್ತೆ ಇಟ್ಟಿದ್ದಾರಾ ಅನ್ನೋದು ಮೂರು ತಿಂಗಳಿಗೊಮ್ಮೆ ಎಕ್ಸ್‌ಚೇಂಜಿಗೆ ಕೊಡುವ ಷೇರುದಾರರ ವಿವರದಲ್ಲೇ ಇರುತ್ತದೆ. ಒತ್ತೆ ಏರುತ್ತಿದ್ದರೆ ಹೆಸರು ಹೊಡೆದೆ.

ಇನ್ನು ಸಕ್ಕರೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಯವರಿಗೆ ಈ ಶೇರಿನ ಮೇಲೆ ಪ್ರೀತಿ ಜಾಸ್ತಿ. ರೇಣುಕಾ ಶುಗರ್ಸ್ ನಮ್ಮೂರಿನದೇ, ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್ 2024ರಲ್ಲಿ ಮಾರುಕಟ್ಟೆಗೆ ಬಂತು. 'ಸಾಹೇಬ್ರ, ಈ ಸಲ ಕಬ್ಬು ಭಾಳ ಐತ್ರಿ, ಸಕ್ಕರೆ ಶೇರ್ ತಗೋಬಹುದಲ್ರಿ?' ಅಂತ ನಮ್ಮ ಮೋಲ್ಡಿಂಗ್ ಹುಡುಗರೂ ಕೇಳುತ್ತಾರೆ. ಕಬ್ಬು ಜಾಸ್ತಿಯಾದರೆ ಸಕ್ಕರೆ ಜಾಸ್ತಿ, ಸಕ್ಕರೆ ಜಾಸ್ತಿಯಾದರೆ ದರ ಇಳಿಯುತ್ತದಲ್ವಾ? ಅದರ ಮೇಲೆ ಎರಡೂ ಕಡೆಯ ದರಕ್ಕೆ ಸರಕಾರದ ಕೈ ಇದೆ. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರ ಫೆಬ್ರುವರಿಯಲ್ಲಿ ಕೆಜಿಗೆ 31 ರೂಪಾಯಿ ಮಾಡಿದರು, ಆಮೇಲೆ ವರ್ಷಗಟ್ಟಲೆ ಅದು ಅಲ್ಲೇ ಕೂತಿತು. ಕಾರ್ಖಾನೆ ರೈತರಿಗೆ ಕೊಡಲೇಬೇಕೆಂದು ಕೇಂದ್ರ ಗೊತ್ತು ಮಾಡುವ ಕಬ್ಬಿನ ದರ, ಎಫ್‌ಆರ್‌ಪಿ, ಮಾತ್ರ ಕ್ವಿಂಟಲ್‌ಗೆ 275ರಿಂದ ಹತ್ತಿ 2025-26ರ ಹಂಗಾಮಿಗೆ 355ಕ್ಕೆ ಬಂತು. ಅದೂ ಸಾಲದೆಂದು 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಕಟಾವು, ಸಾಗಣೆ ಖರ್ಚು ಬಿಟ್ಟು ಕೈಗೆ ಟನ್ನಿಗೆ 3,500 ಕೇಳಿ ಕೂತರು. ರೈತರ ಬೇಡಿಕೆ ನ್ಯಾಯದ್ದೇ, ಆದರೆ ಶೇರು ಕೊಳ್ಳುವವನು ಅದನ್ನು ಖರ್ಚಿನ ಕಡೆ ಬರೆದುಕೊಳ್ಳಬೇಕು.

ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಬಂದ ಮೇಲೆ ಎಲ್ಲ ಬದಲಾಯಿತು ಅನ್ನುವವರಿದ್ದಾರೆ. ಅರ್ಧ ನಿಜ. 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರ ತಡೆ ಹಾಕಿತು. ಸಕ್ಕರೆ ಶೇರುಗಳು ದಬದಬನೆ ಬಿದ್ದವು. ಹೀಗಾಗಿ ಈ ಶೇರುಗಳಿಗೆ ಪಿ/ಇ, ಅಂದರೆ ಬೆಲೆ ಒಂದು ಶೇರಿನ ಲಾಭದ ಎಷ್ಟು ಪಟ್ಟು ಅನ್ನೋದನ್ನು, ನೋಡಿ ಅಗ್ಗ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಲಾಭ ತುದಿಗೆ ಏರಿದ ವರ್ಷವೇ ಪಿ/ಇ ಎಲ್ಲಕ್ಕಿಂತ ಕಡಿಮೆ ಕಾಣುತ್ತದೆ. ಲಾಭ ಕುಸಿದು, ಪಿ/ಇ ಅಸಹ್ಯವಾಗಿ ಕಂಡು, ಯಾರೂ ಕೇಳದಿರುವಾಗಲೇ ನಾನು ಸಕ್ಕರೆ ಕಡೆ ತಿರುಗುವುದು. ಆಗಲೂ ಸಾಲ ಕಡಿಮೆ ಇರುವ, ಸ್ವಂತ ಡಿಸ್ಟಿಲರಿ, ವಿದ್ಯುತ್ ಘಟಕ ಇರುವ ಕಾರ್ಖಾನೆ ಮಾತ್ರ.

ನಮ್ಮ ಫೌಂಡ್ರಿಯ ಗಿರಾಕಿ ಕಂಪನಿಗಳ ಶೇರು ಮುಟ್ಟುವುದಿಲ್ಲ. ಮುಂದಿನ ತಿಂಗಳ ಆರ್ಡರ್ ಎಷ್ಟು ಅಂತ ನಮಗೆ ಮೊದಲೇ ಗೊತ್ತಾಗುತ್ತದೆ, ಅದರ ಮೇಲೆ ವ್ಯಾಪಾರ ಮಾಡಿದರೆ ಶೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮಕ್ಕೆ ಸಿಕ್ಕಿಕೊಳ್ಳಬಹುದು. ಸುಮ್ನೆ ಯಾಕೆ ಬೇಕು? ಆದರೆ ಪಂಪು, ವಾಲ್ವು, ಟ್ರ್ಯಾಕ್ಟರ್ ಬಿಡಿಭಾಗದ ಧಂದೆ ಹೇಗೆ ನಡೆಯುತ್ತದೆ ಅನ್ನೋದು ಇಲ್ಲೇ ಕಲಿತಿದ್ದು. ಬೇರೆ ಕಂಪನಿಯ ವರದಿ ಓದುವಾಗ ಅದು ಕೆಲಸಕ್ಕೆ ಬರುತ್ತದೆ.

ಕೊನೆಗೆ ವಹಿಯಲ್ಲಿ ನಾಲ್ಕೈದು ಹೆಸರು ಉಳಿದರೆ ಹೆಚ್ಚು. ಅವನ್ನೂ ಒಂದೇ ದಿನ ಕೊಳ್ಳುವುದಿಲ್ಲ. ಸ್ವಲ್ಪ ಈಗ, ಉಳಿದದ್ದು ಮುಂದಿನ ತ್ರೈಮಾಸಿಕದ ಫಲಿತಾಂಶ ನೋಡಿ. ವರ್ಷದ ಆಯ್ಕೆ ಅಂತ ಕರೆದರೂ ಹನ್ನೆರಡು ತಿಂಗಳು ದಾಟುವ ತನಕ ಕೈ ಹಚ್ಚದಿರಲು ನೋಡುತ್ತೇನೆ. ಅದಕ್ಕೆ ಮೊದಲು ಮಾರಿದರೆ ಲಾಭದ ಮೇಲೆ ಶೇಕಡಾ 20 ತೆರಿಗೆ, ದಾಟಿದರೆ ವರ್ಷಕ್ಕೆ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇಕಡಾ 12.5. ಇದು 2024ರ ಜುಲೈ ಬಜೆಟ್ಟಿನಲ್ಲಿ ಬಂದ ದರ. ಉದ್ರಿ ಏರಿದ್ದು ಕಂಡರೆ ಮಾತ್ರ ತೆರಿಗೆಯ ಮುಖ ನೋಡದೆ ಮಾರುತ್ತೇನೆ.