ಕೋಲ್ಡ್ ಏರ್ ಇಂಟೇಕ್: ಕೊಳ್ಳುವ ಮೊದಲು ಲೆವೆಲ್ ಪೈಪಿನಲ್ಲಿ ಅಳೆದು ನೋಡಿ

ಟರ್ಬೊ ಇಲ್ಲದ 1197 ಸಿಸಿ ಪೆಟ್ರೋಲ್ ಸ್ವಿಫ್ಟ್‌ಗೆ ಕೋಲ್ಡ್ ಏರ್ ಇಂಟೇಕ್ (ಕಂಪನಿಯ ಏರ್ ಫಿಲ್ಟರ್ ಡಬ್ಬಿಯ ಬದಲು ಕೂರಿಸುವ, ತಂಪು ಗಾಳಿ ಎಳೆಯಲೆಂದು ಮಾಡಿದ ಪೈಪು-ಫಿಲ್ಟರ್ ಕಿಟ್) ಹಾಕಿದರೆ ಪಿಕಪ್ ಎಷ್ಟು ಹೆಚ್ಚಬಹುದು ಎಂಬುದು ಕಿಟ್ ಕೊಳ್ಳುವ ಮುಂಚೆಯೇ ಗೊತ್ತಾಗುತ್ತದೆ. ನಾನು ಅದಕ್ಕೆ ಬಳಸುವುದು ಎರಡು ವಸ್ತು: ಗಾರೆಯವರು ಮಟ್ಟ ನೋಡುವ ಲೆವೆಲ್ ಪೈಪು, ಓಬಿಡಿ ಪೋರ್ಟಿಗೆ (ಕಾರಿನ ಸೆನ್ಸರುಗಳ ಅಂಕಿ ಓದುವ ಕಿಂಡಿ) ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್.

ಒಂದು ಮೀಟರ್ ಉದ್ದದ ಹಲಗೆಗೆ ಪೈಪನ್ನು U ಆಕಾರದಲ್ಲಿ ಬಿಗಿದು, ನಡುವೆ ಸ್ಕೇಲ್ ಅಂಟಿಸಿ, ಅರ್ಧ ಎತ್ತರಕ್ಕೆ ಬಣ್ಣದ ನೀರು ತುಂಬಿ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳದಲ್ಲಿ, ಅಂದರೆ ಫಿಲ್ಟರ್ ದಾಟಿದ ಗಾಳಿ ಬರುವ ಕಡೆ, 5 ಮಿ.ಮೀ. ತೂತು ಕೊರೆದು ಹಿತ್ತಾಳೆಯ ನಿಪ್ಪಲ್ ಕೂರಿಸಿ. ಕೊರೆಯುವಾಗ ಮುಚ್ಚಳವನ್ನು ಬಿಚ್ಚಿ ಹೊರಗೆ ತೆಗೆದಿರಬೇಕು, ಪ್ಲಾಸ್ಟಿಕ್ ಪುಡಿ ಒಳಗುಳಿಯಬಾರದು. ಪೈಪಿನ ಒಂದು ತುದಿ ಆ ನಿಪ್ಪಲ್ಲಿಗೆ, ಇನ್ನೊಂದು ತೆರೆದೇ ಇರಲಿ. ನೀರು ಕುಣಿಯುತ್ತಿದ್ದರೆ ಪೈಪನ್ನು ಒಂದೆಡೆ ಕ್ಲಿಪ್ಪಿನಿಂದ ಸ್ವಲ್ಪ ಅದುಮಿ, ನಿಲ್ಲುತ್ತದೆ. ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು 6000 ಆರ್‌ಪಿಎಂವರೆಗೆ ಏರಿಸಿ. ಎರಡು ಕಂಬಗಳ ನೀರಿನ ಮಟ್ಟದ ಅಂತರವನ್ನು ಪಕ್ಕದ ಸೀಟಿನವರು ಓದಲಿ. ಓಡಿಸುವವರು ಅತ್ತ ಕಣ್ಣು ಹಾಯಿಸಬಾರದು.

ಆ ವೇಗದಲ್ಲಿ ಈ ಇಂಜಿನ್ ನಿಮಿಷಕ್ಕೆ ಸುಮಾರು 3000 ಲೀಟರ್ ಗಾಳಿ ಎಳೆಯುತ್ತದೆ. ಅಷ್ಟು ಗಾಳಿ ಡಬ್ಬಿ, ಫಿಲ್ಟರ್ ದಾಟಿ ಬರುವಾಗ ಒತ್ತಡ ಎಷ್ಟು ಕುಸಿಯಿತು ಎಂಬುದನ್ನೇ ನೀರು ತೋರಿಸುವುದು. ಬೆಂಗಳೂರಿನ ಎತ್ತರದಲ್ಲಿ ವಾಯುಭಾರ ಸುಮಾರು 930 ಸೆಂ.ಮೀ. ನೀರಿನ ಕಂಬಕ್ಕೆ ಸಮ, ಮಂಗಳೂರಿನಲ್ಲಿ 1030. ಅಂತರ 20 ಸೆಂ.ಮೀ. ಬಂತು ಎನ್ನಿ: ನಷ್ಟ ಶೇ 2ರಷ್ಟು. 80 ಚಿಲ್ಲರೆ ಪಿಎಸ್ (ಅಶ್ವಶಕ್ತಿ) ಇರುವ ಇಂಜಿನ್ನಿನಲ್ಲಿ ಅದು ಎರಡು ಪಿಎಸ್ ಕೂಡ ಇಲ್ಲ. ಆ ತಡೆಯನ್ನು ಪೂರ್ತಿ ತೆಗೆದುಹಾಕುವ ಕಿಟ್ ಯಾವುದೂ ಇಲ್ಲ; ಅರ್ಧಕ್ಕೆ ಇಳಿಸಿದರೂ ಸಿಗುವುದು ಶೇ 1, ಅದೂ ಪೂರ್ತಿ ತುಳಿದಾಗ ಮಾತ್ರ. ಮಂಗಳೂರಿನಿಂದ ಘಾಟಿ ಹತ್ತಿ ಬೆಂಗಳೂರಿಗೆ ಬಂದರೆ ಕಾರು ಅದರ ಹತ್ತುಪಟ್ಟು ಕಳೆದುಕೊಂಡಿರುತ್ತದೆ, ನಾವು ಗಮನಿಸುವುದೂ ಇಲ್ಲ.

ಇದೇ ಅಳತೆಯನ್ನು ಫಿಲ್ಟರಿನ ಕೆಳಗೆ, ಗಾಳಿ ಒಳಬರುವ ಕಡೆಯೂ ಮಾಡಿ. ಎರಡು ಅಂಕಿಗಳನ್ನು ಕಳೆದರೆ ಫಿಲ್ಟರ್ ಒಂದರ ತಡೆ ಎಷ್ಟು ಎಂದು ಬೇರೆಯಾಗಿ ಸಿಗುತ್ತದೆ. ಫಿಲ್ಟರ್ ಹೆಚ್ಚು ತಿನ್ನುತ್ತಿದ್ದರೆ ಕೆಲವು ನೂರು ರೂಪಾಯಿಯ ಹೊಸ ಪೇಪರ್ ಫಿಲ್ಟರ್ ಹಾಕಿ ಮತ್ತೆ ಅಳೆಯಿರಿ, ಬಹಳ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಅಳತೆ ಮುಗಿದ ಮೇಲೆ ತೂತುಗಳನ್ನು ಬೋಲ್ಟು, ರಬ್ಬರ್ ವಾಷರ್ ಹಾಕಿ ಮುಚ್ಚುವುದು ಕಡ್ಡಾಯ.

ಇನ್ನು ‘ಕೋಲ್ಡ್’ ಎಂಬ ಮಾತಿಗೆ ಬರೋಣ. ಅಡಾಪ್ಟರಿನಿಂದ ಇಂಟೇಕ್ ಗಾಳಿಯ ತಾಪ ಓದಿ, ಹೊರಗಿನ ತಾಪಕ್ಕೆ ಹೋಲಿಸಿ. ಕಂಪನಿಯ ಡಬ್ಬಿಯ ಮೂತಿ ಗ್ರಿಲ್ ಹಿಂದಿನಿಂದಲೇ ಹೊರಗಾಳಿ ತೆಗೆದುಕೊಳ್ಳುತ್ತದೆ, ಹಾಗಾಗಿ ಹೆದ್ದಾರಿಯಲ್ಲಿ ವ್ಯತ್ಯಾಸ ಸಣ್ಣದು. ಬಾನೆಟ್ಟಿನೊಳಗೆ ತೆರೆದಿಟ್ಟ ಕೋನ್ ಫಿಲ್ಟರ್ ಟ್ರಾಫಿಕ್ಕಿನಲ್ಲಿ ರೇಡಿಯೇಟರಿನ ಬಿಸಿಗಾಳಿಯನ್ನೇ ಕುಡಿಯುತ್ತದೆ. 30 ಡಿಗ್ರಿಯ ಬದಲು 60 ಡಿಗ್ರಿಯ ಗಾಳಿ ಎಂದರೆ ಸಾಂದ್ರತೆ ಶೇ 9ರಷ್ಟು ಕಡಿಮೆ. ಜೊತೆಗೆ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ತಪ್ಪಿಸಲು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಕಿಡಿಯ ಟೈಮಿಂಗನ್ನೂ ಹಿಂದೆಳೆಯುತ್ತದೆ. ಸೆನ್ಸರ್ ತಾನೂ ಕಾದಿರುವುದರಿಂದ ನಿಂತ ಕಾರಿನ ಅಂಕಿಯನ್ನು ನಂಬಬೇಡಿ, ಓಡುತ್ತಿರುವಾಗ ಒಂದೆರಡು ನಿಮಿಷ ಕಳೆದ ಮೇಲೆ ಬರೆದುಕೊಳ್ಳಿ.

ಮೈಲೇಜ್ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಅರ್ಧ ತುಳಿದು ಓಡಿಸುವಾಗ ಗಾಳಿಯನ್ನು ತಡೆಹಿಡಿಯುವುದು ಥ್ರಾಟಲ್ ಬಾಗಿಲೇ ಹೊರತು ಫಿಲ್ಟರಲ್ಲ. ಟರ್ಬೊ ಕಾರುಗಳಲ್ಲಿ ಗಾಳಿ ಇಂಟರ್‌ಕೂಲರಿನಲ್ಲಿ ಹೇಗೂ ತಣಿಯುತ್ತದೆ, ಒತ್ತಡವನ್ನು ಇಸಿಯು ನಿಗದಿ ಮಾಡುತ್ತದೆ; ಇಸಿಯುವಿನ ಮ್ಯಾಪ್ (ಪೆಟ್ರೋಲ್, ಕಿಡಿಯ ಲೆಕ್ಕದ ಪಟ್ಟಿ) ಬದಲಿಸದೆ ಇಂಟೇಕ್ ಹಾಕಿದರೆ ಮುಖ್ಯವಾಗಿ ಕೇಳುವುದು ಸದ್ದು. ಆ ಸದ್ದು ಬೇಕು ಎಂದೇ ಹಾಕುವವರ ಬಗ್ಗೆ ನನಗೆ ತಕರಾರಿಲ್ಲ. ಶಕ್ತಿಗಾಗಿ ಹಾಕುವುದಾದರೆ ಕ್ಯಾಮ್, ಎಕ್ಸಾಸ್ಟ್ ಬದಲಿಸಿ ಮ್ಯಾಪ್ ಮಾಡಿಸುವ ಇಂಜಿನ್ನಿಗೆ, ಅಥವಾ ಹೊಸ ಫಿಲ್ಟರಿನಲ್ಲೂ ಅಂತರ 40 ಸೆಂ.ಮೀ. ದಾಟುವ ಕಾರಿಗೆ ಹಾಕಿ.

ಹಾಕುವಾಗ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇಂಜಿನ್ ತನ್ನ ಮೌಂಟಿಂಗ್ ಮೇಲೆ ಓಲಾಡುತ್ತದೆ, ಬಾಡಿ ಓಲಾಡುವುದಿಲ್ಲ. ಆದ್ದರಿಂದ ಅಲ್ಯೂಮಿನಿಯಂ ಪೈಪನ್ನು ನೇರವಾಗಿ ಥ್ರಾಟಲ್ ಬಾಡಿಗೆ ಬಿಗಿಯದೆ ನಡುವೆ ಉಬ್ಬುಳ್ಳ ಸಿಲಿಕೋನ್ ಹೋಸ್ ಕೊಡಬೇಕು, ಬ್ರಾಕೆಟ್ಟಿಗೆ ರಬ್ಬರ್ ಬುಷ್ ಬೇಕು. ಫಿಲ್ಟರಿನ ಸುತ್ತ ಹೀಟ್ ಶೀಲ್ಡ್ ಕಟ್ಟಿ, ಎಲ್ಲ ಕಡೆ ಕನಿಷ್ಠ 25 ಮಿ.ಮೀ. ಅಂತರ ಬಿಡಿ, ಬಾನೆಟ್ ಮುಚ್ಚಿದಾಗ ಶೀಲ್ಡಿನ ರಬ್ಬರ್ ಅಂಚು ಅದಕ್ಕೆ ತಾಗಬೇಕು, ಇಲ್ಲದಿದ್ದರೆ ಶೀಲ್ಡ್ ಇದ್ದೂ ಇಲ್ಲದಂತೆ. ವಾಲ್ವ್ ಕವರಿನಿಂದ ಬರುವ ಬ್ರೀದರ್ ಹೋಸನ್ನು (ಇಂಜಿನ್ನಿನೊಳಗಿನ ಆವಿ ಹೊರಬರುವ ಕೊಳವೆ) ಹೊಸ ಪೈಪಿಗೇ ಸೇರಿಸಿ. ಅದನ್ನು ತೆರೆದು ಬಿಟ್ಟರೆ ಧೂಳು ನೇರವಾಗಿ ಇಂಜಿನ್ ಆಯಿಲ್ ಸೇರುತ್ತದೆ.

ಮ್ಯಾಫ್ ಸೆನ್ಸರ್ (ಒಳಬರುವ ಗಾಳಿಯ ಪ್ರಮಾಣ ಅಳೆಯುವುದು) ಇರುವ ಕಾರಾದರೆ ಸೆನ್ಸರ್ ಕೂರುವ ಜಾಗದ ಒಳವ್ಯಾಸ ಹಳೆಯದರಷ್ಟೇ ಇರಬೇಕು. ಪೈಪು ಅಗಲವಾದರೆ ಗಾಳಿಯ ವೇಗ ಇಳಿದು, ಸೆನ್ಸರ್ ಕಡಿಮೆ ಲೆಕ್ಕ ಕೊಟ್ಟು, ಪೆಟ್ರೋಲ್ ಸಾಲದೆ ಪಿ0171 ಎಂಬ ದೋಷದ ಕೋಡ್ ಬರುತ್ತದೆ. ಎಣ್ಣೆ ಸವರುವ ಹತ್ತಿ ಫಿಲ್ಟರಿಗೆ ಎಣ್ಣೆ ಅತಿಯಾದರೂ ಅದು ಸೆನ್ಸರಿನ ತಂತಿಗೆ ಅಂಟಿ ಅಳತೆ ಕೆಡಿಸುತ್ತದೆ. ಒರೆಸಲು ಹೋಗದೆ ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ ಹೊಡೆದು, ಪೂರ್ತಿ ಒಣಗಿಸಿ. ಜೋಡಿಸಿದ ಮೇಲೆ ಅಡಾಪ್ಟರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡಿಕೊಳ್ಳುತ್ತಿದೆ ಎಂಬ ಅಂಕಿ) ನೋಡಿ: ಕೂಡು-ಕಳೆ 5ರೊಳಗಿದ್ದರೆ ಸರಿ, ಕೂಡು 10 ದಾಟಿದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಸೆನ್ಸರ್ ಕಡಿಮೆ ಲೆಕ್ಕ ಕೊಡುತ್ತಿದೆ.

ನನಗೆ ಹೆಚ್ಚು ಭಯ ಮಳೆಗಾಲದ್ದು. ಬಂಪರಿನ ಕೆಳಭಾಗಕ್ಕೆ ಫಿಲ್ಟರ್ ಇಳಿಸುವ ಉದ್ದ ಪೈಪಿನ ಕಿಟ್‌ಗಳನ್ನು ಕರಾವಳಿ, ಮಲೆನಾಡಿನಲ್ಲಿ ಹಾಕಲೇಬಾರದು. ನೀರು ನಿಂತ ಅಂಡರ್‌ಪಾಸಿನಲ್ಲಿ ಇಂಜಿನ್ ನೀರು ಎಳೆದರೆ ಅದು ಸಿಲಿಂಡರಿನಲ್ಲಿ ಕುಗ್ಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ವಿಮೆಯಲ್ಲಿ ಈ ಹಾನಿಗೆ ದುಡ್ಡು ಸಿಗುವುದು ಕಷ್ಟ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ವಿಮೆ ಬೇರೆಯಾಗಿ ತೆಗೆದುಕೊಂಡಿರಬೇಕು. ಮಾಡಿಸಿದ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸಿರಬೇಕು.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಫಿಲ್ಟರ್ ಬಿಚ್ಚಿ, ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕೆಂಪು ಧೂಳು ಹತ್ತಿದರೆ ಕ್ಲಿಪ್ ಬಿಗಿ ಮಾಡಿ ಮತ್ತೆ ಪರೀಕ್ಷಿಸಿ. ಆಗಲೂ ಹತ್ತಿದರೆ ಕಿಟ್ ತೆಗೆದು ಕಂಪನಿಯ ಡಬ್ಬಿಯನ್ನೇ ವಾಪಸ್ ಕೂರಿಸಿ.