ಬಾಡಿಗೆ ಮನೆಯಿಂದ ಆರಂಭಿಸಿದ ಕೆಲಸ: ಮಾನಸಿಕ ಅಸ್ವಸ್ಥತೆಯ ಕಳಂಕ ಕುರಿತು ನನ್ನ ಅನುಭವ

ಜಾಗೃತಿ ಕಾರ್ಯಕ್ರಮಗಳನ್ನು ಬದಿಗಿಟ್ಟು, ಮನೆ ಬಾಡಿಗೆಗೆ ಕೊಡುವವರು ಮತ್ತು ಸಣ್ಣ ಉದ್ದಿಮೆ ನಡೆಸುವವರು ಎಂಬ ಎರಡೇ ಗುಂಪುಗಳ ಜೊತೆ ಕೆಲಸ ಮಾಡುತ್ತೇವೆ ಎಂದು ನಾನು ಹೇಳಿದಾಗ, ಈ ಕ್ಷೇತ್ರದಲ್ಲಿ ನನಗಿಂತ ಹೆಚ್ಚು ಕಾಲ ದುಡಿದ ಗೆಳೆಯರು ಅದನ್ನು ಕಳಂಕ ನಿವಾರಣೆ, ಅಂದರೆ ಮಾನಸಿಕ ಕಾಯಿಲೆ ಇರುವವರನ್ನು ಕೀಳಾಗಿ ಕಂಡು ದೂರವಿಡುವುದನ್ನು ಹೋಗಲಾಡಿಸುವ ಕೆಲಸ, ಎಂದು ಕರೆಯುವುದಕ್ಕೇ ಒಪ್ಪಲಿಲ್ಲ. ಅದು ಪುನರ್ವಸತಿಯ ಕೆಲಸ, ಜನರ ಮನಸ್ಸು ಬದಲಿಸುವ ಕೆಲಸವಲ್ಲ ಎಂಬುದು ಅವರ ವಾದವಾಗಿತ್ತು. ನಾಲ್ಕೈದು ವರ್ಷಗಳ ನಂತರ ಅವರಲ್ಲಿಯೇ ಇಬ್ಬರು ನಮ್ಮ ಕಾರ್ಯಯೋಜನೆಯ ಪ್ರತಿಯನ್ನು ಕೇಳಿ ಪಡೆದಿದ್ದಾರೆ. ಹಾಗಾಗಿ ಸ್ವಲ್ಪ ಹೆಮ್ಮೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಗಳ ಪರಿಚಯವನ್ನಾಗಲಿ, ಸಮೀಕ್ಷೆ ನಡೆಸುವ ಕ್ರಮವನ್ನಾಗಲಿ ವಿವರಿಸುವುದಿಲ್ಲ, ಓದುವವರಿಗೆ ಅವು ಗೊತ್ತಿರುತ್ತವೆ.

ಮೊದಲಿಗೆ ಹಣ ಹೋದ ದಾರಿಯನ್ನು ಹೇಳಬೇಕು. ಆರಂಭದ ಎರಡು ವರ್ಷಗಳಲ್ಲಿ ಕೈಗೆ ಬಂದ ಅನುದಾನದ ಮುಕ್ಕಾಲು ಪಾಲು ಭಿತ್ತಿಪತ್ರ, ಕರಪತ್ರ, ಧ್ವನಿವರ್ಧಕ ಮತ್ತು ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದ ಜಾಥಾಕ್ಕೆ ಖರ್ಚಾಯಿತು. 1992ರಿಂದ ಜಗತ್ತಿನಾದ್ಯಂತ ಆಚರಣೆಯಲ್ಲಿರುವ ಆ ದಿನಕ್ಕೆ ಅತಿಥಿಗಳು ಸುಲಭವಾಗಿ ಸಿಗುತ್ತಾರೆ, ಛಾಯಾಚಿತ್ರಗಳೂ ಚೆನ್ನಾಗಿ ಬರುತ್ತವೆ, ಮರುದಿನ ಏನೂ ಉಳಿಯುವುದಿಲ್ಲ. ಕಾರ್ಯಕ್ರಮದ ಮೊದಲು ಮತ್ತು ನಂತರ ಒಂದೇ ಪ್ರಶ್ನಾವಳಿಯನ್ನು ತುಂಬಿಸಿದಾಗ ತಿಳಿವಳಿಕೆಯ ಅಂಕಗಳು ಪ್ರತಿ ಬಾರಿಯೂ ಏರಿದವು. ಆದರೆ ಒಂದು ಗುಂಪಿನವರನ್ನು ಜನ ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತಾರೆ ಎಂದು ಅಳೆಯಲು ಅಮೆರಿಕದ ಸಮಾಜಶಾಸ್ತ್ರಜ್ಞ ಬೊಗಾರ್ಡಸ್ 1925ರಲ್ಲಿ ರೂಪಿಸಿದ ಸಾಮಾಜಿಕ ಅಂತರದ ಮಾಪಕವನ್ನು ನಮ್ಮ ಅಗತ್ಯಕ್ಕೆ ಹೊಂದಿಸಿಕೊಂಡು ಸೇರಿಸಿದ್ದ ಪ್ರಶ್ನೆಗಳ ಉತ್ತರ ಕದಲಲಿಲ್ಲ. ಚಿಕಿತ್ಸೆ ಪಡೆದವರು ನಿಮ್ಮ ಬೀದಿಯಲ್ಲಿ ವಾಸಿಸಬಹುದೆ ಎಂದರೆ ಹತ್ತರಲ್ಲಿ ಎಂಟು ಜನ ಹೌದು ಎನ್ನುತ್ತಿದ್ದರು. ನಿಮ್ಮದೇ ಮನೆಯ ಮೇಲಂತಸ್ತನ್ನು ಅವರಿಗೆ ಬಾಡಿಗೆಗೆ ಕೊಡುವಿರಾ ಎಂದರೆ ಹತ್ತರಲ್ಲಿ ಇಬ್ಬರೂ ಉಳಿಯುತ್ತಿರಲಿಲ್ಲ.

ನಡುವೆ ಒಂದು ಉಪಪ್ರಯೋಗ ನಡೆಯಿತು. ಇದು ಮೆದುಳಿನ ಕಾಯಿಲೆ, ಮಧುಮೇಹದಂತೆಯೇ ಇದೂ ಒಂದು ರೋಗ ಎಂದು ಸಾರುವ ಭಿತ್ತಿಪತ್ರಗಳನ್ನು ದೊಡ್ಡ ಸಂಖ್ಯೆಯಲ್ಲಿ ಮುದ್ರಿಸಿದೆವು. ರೋಗಿಯನ್ನೇ ದೂಷಿಸುವ ಮಾತು ಅದರಿಂದ ನಿಜಕ್ಕೂ ಕಡಿಮೆಯಾಯಿತು, ಜೊತೆಗೆ ಇನ್ನೊಂದು ಮಾತು ಹುಟ್ಟಿಕೊಂಡಿತು: ಮೆದುಳೇ ಕೆಟ್ಟಿದ್ದರೆ ಅದು ಎಂದಿಗೂ ಸರಿಹೋಗದು, ಅಂಥವರಿಂದ ದೂರವಿರುವುದೇ ಒಳ್ಳೆಯದು. ಜೈವಿಕ ಕಾರಣಗಳ ಮೇಲೆ ಒತ್ತು ಕೊಟ್ಟಾಗ ದೂಷಣೆ ತಗ್ಗಿ ನಿರಾಶೆ ಹೆಚ್ಚುತ್ತದೆ ಎಂಬುದನ್ನು ಹಲವು ದೇಶಗಳ ಸಂಶೋಧಕರು ಆಗಲೇ ಬರೆದಿದ್ದರು. ನಾವು ಅದನ್ನು ಮುದ್ರಣದ ಖರ್ಚು ತೆತ್ತು ಮತ್ತೊಮ್ಮೆ ಕಂಡುಕೊಂಡೆವು. ಕಿವಿಗೆ ಹೆಡ್‌ಫೋನ್ ಹಾಕಿ, ಇಲ್ಲದ ಧ್ವನಿಗಳನ್ನು ಕೇಳಿಸಿ, ಭ್ರಮೆಗಳು ಕಾಡುವ ಸ್ಕಿಝೋಫ್ರೇನಿಯಾ ಕಾಯಿಲೆಯ ಅನುಭವವನ್ನು ಅನುಕರಿಸುವ ಚಟುವಟಿಕೆಯನ್ನೂ ಮಾಡಿ ನೋಡಿದೆವು. ಕೇಳಿದವರ ಕಣ್ಣಲ್ಲಿ ನೀರು ಬಂದದ್ದು ನಿಜ, ಆದರೆ ಅಂಥವರ ಪಕ್ಕದಲ್ಲಿ ಕೆಲಸ ಮಾಡಲು ಸಿದ್ಧರಿರುವವರ ಸಂಖ್ಯೆ ಆ ದಿನವೇ ಇಳಿಯಿತು. ಅನುಕಂಪವೂ ಅಂತರವೂ ಒಟ್ಟಿಗೆ ಬೆಳೆಯಬಲ್ಲವು. ಆ ಹೆಡ್‌ಫೋನ್‌ಗಳನ್ನು ಒಂದು ಭಾಷಾ ತರಗತಿಗೆ ಕೊಟ್ಟುಬಿಟ್ಟೆವು.

ಕಾರ್ಯಕ್ರಮಗಳಿಂದ ಬಾರದ ಫಲ ಕಾಯಿಲೆಯ ಅನುಭವವಿರುವವರೊಂದಿಗಿನ ನೇರ ಸಂಪರ್ಕದಿಂದ ಬಂತು. ಇದು ಹೊಸ ಸಂಗತಿಯಲ್ಲ. ಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಸಂಸ್ಥೆಯ ಬೆಂಬಲ ಎಂಬ ನಾಲ್ಕು ಷರತ್ತುಗಳಿದ್ದರೆ ಸಂಪರ್ಕದಿಂದ ಪೂರ್ವಗ್ರಹ ತಗ್ಗುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಆಲ್‌ಪೋರ್ಟ್ 1954ರಲ್ಲಿಯೇ ಹೇಳಿದ್ದಾರೆ. ಕಳಂಕದ ಬಗ್ಗೆ ಸಂಶೋಧನೆ ಮಾಡುವ ಮನೋವಿಜ್ಞಾನಿ ಪ್ಯಾಟ್ರಿಕ್ ಕಾರಿಗನ್ ಮತ್ತು ಸಂಗಡಿಗರು 2012ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ವಯಸ್ಕರಲ್ಲಿ ಉಪನ್ಯಾಸಕ್ಕಿಂತ ಸಂಪರ್ಕವೇ ಮೇಲೆನಿಸಿತು. ಎಲ್ಲರೂ ಇದನ್ನು ಓದಿರುತ್ತಾರೆ, ಓದಿಯೂ ಚೇತರಿಸಿಕೊಂಡ ಒಬ್ಬರನ್ನು ವೇದಿಕೆ ಹತ್ತಿಸಿ ಅರ್ಧ ಗಂಟೆ ಮಾತನಾಡಿಸಿ, ಚಪ್ಪಾಳೆ ತಟ್ಟಿ ಕಳುಹಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಸಂಪರ್ಕವೇ ಅಲ್ಲ. ವೇದಿಕೆಯ ಮೇಲಿರುವವರು ಕೆಳಗೆ ಕುಳಿತವರ ಪಾಲಿಗೆ ಅಪರೂಪದ ಒಬ್ಬ ವ್ಯಕ್ತಿಯಾಗಿ ಉಳಿಯುತ್ತಾರೆ, ಉಳಿದವರೆಲ್ಲರ ಬಗ್ಗೆ ಇರುವ ಅಭಿಪ್ರಾಯ ಇದ್ದ ಹಾಗೆಯೇ ಇರುತ್ತದೆ.

ಆದ್ದರಿಂದ ನಾವು ಮಾನಸಿಕ ಆರೋಗ್ಯದ ಹೆಸರನ್ನೇ ಎತ್ತದೆ ಮನೆ ಮಾಲೀಕರ ಒಂದು ಸಣ್ಣ ಬಳಗವನ್ನು ಕರೆದೆವು. ವಿಷಯ ಬಾಡಿಗೆ ಕರಾರು: ಮುಂಗಡ ಹಣದ ತಗಾದೆ, ದುರಸ್ತಿ ಯಾರ ಹೊಣೆ, ತೆರವು ಮಾಡಿಸುವ ನೋಟಿಸು ಹೇಗಿರಬೇಕು ಇತ್ಯಾದಿ. ಇವು ಅವರನ್ನು ನಿಜವಾಗಿ ಕಾಡುವ ಸಂಗತಿಗಳಾದ್ದರಿಂದ ಕರೆದವರಲ್ಲಿ ಹೆಚ್ಚಿನವರು ಬಂದರು. ಒಂದು ಗುಂಪಿನಲ್ಲಿ ಹನ್ನೆರಡು ಜನರಿಗಿಂತ ಹೆಚ್ಚು ಇರಬಾರದು, ಅದೇ ಜನ ಕನಿಷ್ಠ ಐದಾರು ಬಾರಿ ಸೇರಬೇಕು ಎಂಬುದು ನಮ್ಮ ನಿಯಮ. ಬಳಗವನ್ನು ನಡೆಸಿದವರು ಲೆಕ್ಕಪತ್ರದಲ್ಲಿ ಪಳಗಿದ ಒಬ್ಬ ಬಾಡಿಗೆದಾರರು; ಮನಸ್ಥಿತಿ ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಬಹಳ ವರ್ಷಗಳಿಂದ ಔಷಧ ತೆಗೆದುಕೊಳ್ಳುತ್ತಿದ್ದವರು. ಮೊದಲ ಸಭೆಯಲ್ಲಿ ಅವರು ಬಾಡಿಗೆಯ ಲೆಕ್ಕ ಇಡುವ ಕ್ರಮವನ್ನಷ್ಟೇ ಕಲಿಸಿದರು. ತಮ್ಮ ಕಾಯಿಲೆಯ ವಿಚಾರ ಹೇಳಿದ್ದು ಆಮೇಲೆ, ಅದೂ ಕೆಲವೇ ಮಾತುಗಳಲ್ಲಿ. ಯಾವ ಸಭೆಯ ಯಾವ ಘಟ್ಟದಲ್ಲಿ ಹೇಳಬೇಕು, ಆ ಹೊತ್ತಿಗೆ ಮೇಜಿನ ಮೇಲೆ ಯಾವ ಕಾಗದ ಇರಬೇಕು ಎಂಬುದನ್ನು ನಾವು ಹಲವು ಸಲ ತಿದ್ದಿ ತಿದ್ದಿ ಕಂಡುಕೊಂಡಿದ್ದೇವೆ; ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಗದದಲ್ಲಿ ಓದಿ ಮಾಡಿದರೆ ಅದು ನಾಟಕವಾಗುತ್ತದೆ, ಬಂದು ನೋಡಿದವರಿಗೆ ತೋರಿಸುತ್ತೇನೆ.

ಮಾತನಾಡುವವರ ತಯಾರಿ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಮತ್ತು ಹಣ ಬೇಡುವ ಭಾಗ. ತಮ್ಮ ಕಾಯಿಲೆಯನ್ನು ಬಹಿರಂಗಪಡಿಸಿದರೆ ಸಿಗುವುದೇನು, ಕಳೆದುಕೊಳ್ಳುವುದೇನು ಎಂಬುದನ್ನು ಅವರೇ ತೂಗಿ ನೋಡಬೇಕು. ಯಾರಿಗೆ, ಎಷ್ಟು ಹೇಳಬೇಕು ಎಂಬ ನಿರ್ಧಾರವೂ ಅವರದ್ದೇ ಆಗಿರಬೇಕು. ತರಬೇತಿಗೆ ಬಂದವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದರಷ್ಟು ಜನ ಕೊನೆಗೆ ಹೇಳದಿರುವುದೇ ತಮಗೆ ಕ್ಷೇಮವೆಂದು ತೀರ್ಮಾನಿಸಿದರು. ಅವರಿಗೂ ಪೂರ್ತಿ ಭತ್ಯೆ ಕೊಟ್ಟೆವು, ಏಕೆಂದರೆ ಭತ್ಯೆಯನ್ನು ಬಹಿರಂಗಕ್ಕೆ ಕಟ್ಟಿದರೆ ಅದು ಆಮಿಷವಾಗುತ್ತದೆ. ಕಥೆಯ ಅಳತೆಯ ವಿಷಯದಲ್ಲಿ ನಾವು ಬಿಗಿಯಾಗಿದ್ದೇವೆ: ಕಾಯಿಲೆಯ ಕೆಟ್ಟ ದಿನಗಳಿಗೆ ಒಂದು ಪಾಲು, ಚೇತರಿಕೆಗೆ ಮೂರು ಪಾಲು, ಕೊನೆಯಲ್ಲಿ ಕೇಳುವವರಿಂದ ಬಯಸುವ ಒಂದೇ ಒಂದು ನಿರ್ದಿಷ್ಟ ಕೆಲಸ. ಆಸ್ಪತ್ರೆಯ ಕಟ್ಟಡ, ಕಟ್ಟಿಹಾಕಿದ ಕೈ, ಆತ್ಮಹತ್ಯೆಯ ವಿಧಾನ ಇವು ಯಾವುವೂ ಬರುವಂತಿಲ್ಲ. ನೆನಪುಗಳನ್ನು ಮತ್ತೆ ಮತ್ತೆ ಹೇಳುವುದರಿಂದ ಬಳಲುವವರಿದ್ದಾರೆ, ಆದ್ದರಿಂದ ಒಬ್ಬರು ತಿಂಗಳಿಗೆ ಎರಡಕ್ಕಿಂತ ಹೆಚ್ಚು ಬಾರಿ ಮಾತನಾಡುವುದಿಲ್ಲ.

ಹಣದ ವಿಷಯದಲ್ಲಿ ನಡೆದ ದೊಡ್ಡ ಜಗಳ ಗೌರವಧನದ್ದು. ಉಪನ್ಯಾಸಕ್ಕೆ ಬರುವ ಮನೋವೈದ್ಯರಿಗೆ ಎಷ್ಟು ಕೊಡುತ್ತೇವೆಯೋ ಅಷ್ಟನ್ನೇ ತಮ್ಮ ಅನುಭವ ಹೇಳುವವರಿಗೂ ಕೊಡಬೇಕೆಂದು ನಾನು ಪಟ್ಟುಹಿಡಿದೆ. ಅನುದಾನ ಕೊಡುತ್ತಿದ್ದ ಸಂಸ್ಥೆಯೊಂದು ಅದನ್ನು ಒಪ್ಪದೆ, ಅವರಿಗೆ ಪ್ರಯಾಣ ವೆಚ್ಚ ಸಾಕು ಎಂದಿತು. ಸಮಾನ ಸ್ಥಾನದ ಬಗ್ಗೆ ಮಾತನಾಡಿ ಅಸಮಾನ ಲಕೋಟೆ ಕೊಡುವುದು ನನ್ನಿಂದಾಗಲಿಲ್ಲ, ಆ ಅನುದಾನವನ್ನು ಬಿಟ್ಟೆವು. ಆ ವರ್ಷ ನಮ್ಮ ಆಯವ್ಯಯ ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ಸಂಸ್ಥೆ ಪ್ರತಿ ವರದಿಯಲ್ಲಿಯೂ ಎಷ್ಟು ಸಾವಿರ ಜನರನ್ನು ತಲುಪಿದಿರಿ ಎಂದು ಕೇಳುತ್ತಿತ್ತು, ನಮ್ಮ ಉತ್ತರ ಮೂವತ್ತರ ಆಸುಪಾಸಿನಲ್ಲಿರುತ್ತಿತ್ತು. ಈಗ ಒಟ್ಟು ಖರ್ಚಿನ ಸುಮಾರು ಅರ್ಧ ಗೌರವಧನಕ್ಕೆ, ಕಾಲು ಭಾಗ ತರಬೇತಿಗೆ ಹೋಗುತ್ತದೆ. ಹತ್ತನೇ ಒಂದು ಪಾಲನ್ನು ಕಾಯ್ದಿರಿಸುತ್ತೇವೆ. ಮುದ್ರಣಕ್ಕೆ ಉಳಿಯುವುದು ಅತ್ಯಲ್ಪ, ಅದರಿಂದ ಯಾರಿಗೂ ನಷ್ಟವಾಗಿಲ್ಲ.

ಆ ಕಾಯ್ದಿರಿಸಿದ ಹಣ ಮರುಕಳಿಕೆಗಾಗಿ. ಬಳಗ ನಡೆಸುವವರು ನಡುವೆ ಅಸ್ವಸ್ಥರಾದರೆ ಅವರ ಭತ್ಯೆ ನಿಲ್ಲಬಾರದು, ಬದಲಿಯವರಿಗೂ ಕೊಡಬೇಕು. ಎರಡನೆಯ ಗುಂಪಿನಲ್ಲಿ ಹೀಗೆಯೇ ಆಯಿತು. ಎಲ್ಲ ಮುಗಿಯಿತೆಂದು ಸಹೋದ್ಯೋಗಿಗಳು ಭಾವಿಸಿದರು, ಮಾಲೀಕರ ಭಯ ನಿಜವಾಯಿತಲ್ಲ ಎಂದು ಸಂದೇಹವಾದಿಗಳು ಸಂತೋಷಪಟ್ಟರು. ನಾವು ನಡೆದದ್ದನ್ನು, ಅವರ ಅನುಮತಿ ಪಡೆದು, ಬಳಗಕ್ಕೆ ಹೇಳಿದೆವು: ಔಷಧದ ಪ್ರಮಾಣ ಬದಲಾಗಿದೆ, ಕೆಲವು ವಾರ ಬೇಕು, ಬರುತ್ತಾರೆ. ಅವರು ಮರಳಿ ಬಂದು ಬಿಟ್ಟಲ್ಲಿಂದ ಲೆಕ್ಕ ಮುಂದುವರಿಸಿದರು. ಕಾಯಿಲೆ ಮರುಕಳಿಸುವುದನ್ನೂ ಇಳಿಯುವುದನ್ನೂ ಎರಡನ್ನೂ ಕಣ್ಣಾರೆ ಕಂಡ ಆ ಗುಂಪಿನಿಂದಲೇ ನಮಗೆ ಹೆಚ್ಚು ಮನೆಗಳು ಸಿಕ್ಕಿವೆ.

ಅಳೆಯುವ ವಿಧಾನವನ್ನೂ ಬದಲಿಸಿದೆವು. ಅಭಿಪ್ರಾಯದ ಪ್ರಶ್ನಾವಳಿಯಲ್ಲಿ ಜನ ಒಳ್ಳೆಯವರಾಗಿ ಕಾಣಿಸಿಕೊಳ್ಳಲು ಬಯಸುತ್ತಾರೆ. ಆದ್ದರಿಂದ ಕರಾರಿಗೆ ಸಹಿ ಬಿದ್ದಿದೆಯೇ, ಕೆಲಸಕ್ಕೆ ಸೇರಿದವರು ಆರು ತಿಂಗಳ ನಂತರವೂ ಇದ್ದಾರೆಯೇ ಎಂಬುದನ್ನು ಮಾತ್ರ ಎಣಿಸುತ್ತೇವೆ. ನೆನಪಿನಿಂದ ಹೇಳುವುದಾದರೆ, ಬಳಗದಲ್ಲಿ ಪೂರ್ತಿ ಭಾಗವಹಿಸಿದ ಮೂವತ್ತು ಚಿಲ್ಲರೆ ಮಾಲೀಕರಲ್ಲಿ ಹನ್ನೊಂದೋ ಹನ್ನೆರಡೋ ಮಂದಿ ಚಿಕಿತ್ಸೆಯ ವಿಷಯ ತಿಳಿದೂ ಮನೆ ಕೊಟ್ಟರು. ಅದಕ್ಕಿಂತ ಮೊದಲಿನ ಎರಡು ವರ್ಷಗಳಲ್ಲಿ ಆ ಸಂಖ್ಯೆ ಸೊನ್ನೆ. ನಾವು ಕರೆಯದ ನೆರೆಯ ಮಾಲೀಕರು ತಾವಾಗಿಯೇ ವಿಚಾರಿಸಿಕೊಂಡು ಬಂದದ್ದು ನಾನು ನಿರೀಕ್ಷಿಸದ ಲಾಭ, ಒಬ್ಬ ಮಾಲೀಕನ ಮಾತಿಗೆ ಇನ್ನೊಬ್ಬ ಮಾಲೀಕ ಕೊಡುವ ಬೆಲೆಯನ್ನು ಯಾವ ವೈದ್ಯರ ಮಾತಿಗೂ ಕೊಡುವುದಿಲ್ಲ. ಉದ್ದಿಮೆಗಳ ಬಳಗ ಇಷ್ಟು ಚೆನ್ನಾಗಿ ನಡೆಯಲಿಲ್ಲ. ಮಾಲೀಕರು ಒಪ್ಪಿದರೂ ಮೇಲ್ವಿಚಾರಕರು ಒಪ್ಪುವುದಿಲ್ಲ, ಔಷಧದ ಜಡತೆಯಿಂದ ಬೆಳಗಿನ ಪಾಳಿಗೆ ತಡವಾಗುವುದನ್ನು ಅವರು ಸೋಮಾರಿತನವೆಂದೇ ಬರೆದಿಡುತ್ತಾರೆ. ಈಗ ನೇರವಾಗಿ ಮೇಲ್ವಿಚಾರಕರನ್ನೇ ಕರೆಯುತ್ತೇವೆ, ಪಾಳಿ ಹೊಂದಿಸುವ ಪಟ್ಟಿಯನ್ನು ಅವರ ಕೈಯಿಂದಲೇ ಬರೆಸುತ್ತೇವೆ.

ಬೇರೆಡೆ ಹೆಸರು ಮಾಡಿದ ಇನ್ನೊಂದೆರಡು ವಿಧಾನಗಳನ್ನೂ ಪರೀಕ್ಷಿಸಿದೆವು. 2000ದಲ್ಲಿ ಡೆನ್ಮಾರ್ಕ್‌ನಲ್ಲಿ ಆರಂಭವಾದ ಮಾನವ ಗ್ರಂಥಾಲಯದ ಮಾದರಿಯಲ್ಲಿ, ಪುಸ್ತಕದ ಬದಲು ವ್ಯಕ್ತಿಯನ್ನು ಎರವಲು ಪಡೆದು ಮಾತನಾಡಿಸುವ ಒಂದು ದಿನ ಏರ್ಪಡಿಸಿದಾಗ ಸಂಭಾಷಣೆಗಳು ಸೊಗಸಾಗಿದ್ದವು, ಆದರೆ ಬಂದವರೆಲ್ಲ ಮೊದಲೇ ನಮ್ಮ ಪರವಾಗಿದ್ದವರು. ಸ್ಥಳೀಯ ವರದಿಗಾರರೊಂದಿಗಿನ ಕೆಲಸ ಇದಕ್ಕಿಂತ ಅಗ್ಗವಾಗಿಯೂ ಉಪಯುಕ್ತವಾಗಿಯೂ ಇತ್ತು. ಬಿಕ್ಕಟ್ಟನ್ನು ದಾಟಿ ಬಂದವರ ವರದಿಗಳಿಗೆ ಆತ್ಮಹತ್ಯೆ ತಡೆಯುವ ಶಕ್ತಿ ಇರಬಹುದೆಂದು ಆಸ್ಟ್ರಿಯಾದ ಸಂಶೋಧಕರು 2010ರಲ್ಲಿ ತೋರಿಸಿದ್ದನ್ನು ಅವರ ಮುಂದಿಟ್ಟೆವು. ಅಪರಾಧ ಸುದ್ದಿಯಲ್ಲಿ ಆರೋಪಿಯ ಕಾಯಿಲೆಯನ್ನು ಶೀರ್ಷಿಕೆಗೆ ತರುವ ಅಭ್ಯಾಸವನ್ನು ಇಬ್ಬರು ವರದಿಗಾರರಾದರೂ ನಿಲ್ಲಿಸಿದ್ದಾರೆ. ಹದಿಹರೆಯದವರ ವಿಷಯದಲ್ಲಿ ಮಾತ್ರ ನಾನು ಪಾಠವನ್ನು ಬಿಟ್ಟಿಲ್ಲ. ಕಾರಿಗನ್ ಮತ್ತು ಸಂಗಡಿಗರ 2012ರ ಅದೇ ವಿಶ್ಲೇಷಣೆಯಲ್ಲಿ ಆ ವಯಸ್ಸಿನವರಿಗೆ ಶಿಕ್ಷಣವೇ ಹೆಚ್ಚು ಪರಿಣಾಮಕಾರಿ ಎಂದು ಕಂಡಿತ್ತು, ನಮ್ಮ ಶಾಲಾ ತರಗತಿಗಳಲ್ಲಿಯೂ ಹಾಗೆಯೇ ಅನ್ನಿಸಿತು.

ನಮಗೆ ಇನ್ನೂ ಒಗ್ಗದಿರುವ ಗುಂಪೆಂದರೆ ಆರೋಗ್ಯ ಸಿಬ್ಬಂದಿ. ಎದೆನೋವೆಂದು ಹೋದವರ ಕಡತದಲ್ಲಿ ಸ್ಕಿಝೋಫ್ರೇನಿಯಾ ಎಂಬ ಪದ ಕಂಡೊಡನೆ ನೋವನ್ನೂ ಭ್ರಮೆಯ ಲೆಕ್ಕಕ್ಕೆ ಸೇರಿಸುವವರು ಅವರಲ್ಲಿದ್ದಾರೆ. ಅವರಿಗೆ ಸಂಪರ್ಕದ ಕೊರತೆ ಇಲ್ಲ, ಪ್ರತಿದಿನವೂ ಮಾನಸಿಕ ರೋಗಿಗಳನ್ನು ನೋಡುತ್ತಾರೆ. ಆದರೆ ಅವರು ನೋಡುವುದು ಕಾಯಿಲೆ ಉಲ್ಬಣಿಸಿದ ದಿನಗಳಲ್ಲಿ ಮಾತ್ರ. ಗುಣವಾದವರು ಆಸ್ಪತ್ರೆಗೆ ಬರುವ ಕಾರಣವಿಲ್ಲ. ಹಾಗಾಗಿ ಚೇತರಿಕೆ ಎಂಬುದು ಅವರ ಅನುಭವದೊಳಗೇ ಇಲ್ಲ. ಮಾಲೀಕರ ಬಳಗದ ಕ್ರಮವನ್ನೇ ಅಲ್ಲಿಗೆ ಒಯ್ದಾಗ ಅವರು ಕಾಯಿಲೆಯ ಅನುಭವವಿರುವ ನಮ್ಮ ತರಬೇತುದಾರರಿಗೆ ಯಾವ ಔಷಧ, ಎಷ್ಟು ಮಿಲಿಗ್ರಾಂ ಎಂದು ಪ್ರಶ್ನೆ ಕೇಳತೊಡಗಿದರು, ಎರಡೇ ನಿಮಿಷದಲ್ಲಿ ಸಭೆ ಹೊರರೋಗಿ ವಿಭಾಗವಾಯಿತು. ಈಗ ತುರ್ತು ವಿಭಾಗದ ದಾದಿಯರಿಗೆ ಸೀಮಿತಗೊಳಿಸಿ, ರೋಗಿಯಿಂದ ಮೊದಲ ಐದು ನಿಮಿಷದ ಮಾಹಿತಿ ಪಡೆಯುವ ನಮೂನೆಯೊಂದನ್ನು ತರಬೇತುದಾರರು ಮತ್ತು ದಾದಿಯರು ಜೊತೆಯಾಗಿ ತಿದ್ದುವ ಕೆಲಸ ಆರಂಭಿಸಿದ್ದೇವೆ. ಎರಡು ಸಭೆಗಳು ಮುಗಿದಿವೆ, ಔಷಧದ ಪ್ರಶ್ನೆ ಎರಡನೆಯದರಲ್ಲಿ ಬರಲಿಲ್ಲ. ಈ ಗುಂಪಿನ ವೆಚ್ಚ ಮಾಲೀಕರ ಬಳಗಕ್ಕಿಂತ ಸುಮಾರು ಒಂದೂವರೆ ಪಟ್ಟು, ಏಕೆಂದರೆ ದಾದಿಯರು ಪಾಳಿ ಬಿಟ್ಟು ಬರುವ ಹೊತ್ತಿಗೆ ಬದಲಿ ಸಿಬ್ಬಂದಿಯ ಖರ್ಚನ್ನೂ ನಾವೇ ಭರಿಸುತ್ತಿದ್ದೇವೆ.