ಕಿತ್ತ ಹತ್ತಿಕಾಯಿ ಕೋಣೆಯಲ್ಲೇ ಒಡೆಯಿತು: ಟೈಮ್‌ಲ್ಯಾಪ್ಸ್ ಅನುಭವ

"ಕಿತ್ತ ಕಾಯಿ ಒಡೆಯಂಗಿಲ್ಲ, ಒಣಗಿ ಕರ್ರಗಾಗ್ತದ ಬಿಡ್ರಿ" ಎಂದು ರಾಯಚೂರಿನಲ್ಲಿ ಕ್ಯಾಮೆರಾ ಹಿಡಿದವರೂ ಹೇಳಿದರು, ಹತ್ತಿ ಬೆಳೆದವರೂ ಹೇಳಿದರು. ಒಡೆಯಿತು. ಬಿಟ್ಟು ಬಿಟ್ಟು ತೆಗೆದ ಫೋಟೊಗಳನ್ನು ಜೋಡಿಸಿ ಓಡಿಸುವ ಟೈಮ್‌ಲ್ಯಾಪ್ಸ್ ವಿಡಿಯೊದಲ್ಲಿ ಮೂರು ದಿನದ ಕೆಲಸ 86 ಸೆಕೆಂಡಿನಲ್ಲಿ ಕಾಣುತ್ತದೆ, ಎಲ್ಲೂ ಬೆಳಕಿನ ಮಿಣುಕಿಲ್ಲ.

ಹೊಲದಲ್ಲಿ ಮಾಡಲು ಹೋಗಿ ನಾಲ್ಕು ಸಲ ಕೆಟ್ಟಿತು. ಎರೆಮಣ್ಣಿನಲ್ಲಿ ಟ್ರೈಪಾಡ್ ಮೂರು ದಿನ ಅಲುಗದೆ ನಿಲ್ಲುವುದಿಲ್ಲ. ಹಸಿ ಇದ್ದರೆ ಇಳಿಯುತ್ತದೆ, ಬಿರುಕು ಬಿಟ್ಟರೆ ವಾಲುತ್ತದೆ. ಗಾಳಿಯ ಮಾತು ಬೇಡವೇ ಬೇಡ. ಇಬ್ಬನಿ ಬಿದ್ದ ರಾತ್ರಿ ಕಾಯಿ ಒಡೆಯುವುದೂ ನಿಲ್ಲುತ್ತದೆ. ಅಲ್ಲೇ ದಾರಿ ಸಿಕ್ಕಿದ್ದು: ಕಾಯಿಯನ್ನು ಒಡೆಸುವುದು ಸಿಪ್ಪೆ ಒಣಗಿ ಕುಗ್ಗುವುದು, ಅದಕ್ಕೆ ಬೇರು ಬೇಕಿಲ್ಲ. ಬಲಿತ ಕಾಯಿಯ ಟೊಂಗೆ ಸಾಕು.

ಎಳೆ ಕಾಯಿ ತಂದರೆ ಮಾತ್ರ ಅವರು ಹೇಳಿದಂತೆಯೇ ಕರ್ರಗಾಗುತ್ತದೆ. ಹೂ ಬಿಟ್ಟು 45 ದಿನ ದಾಟಿರಬೇಕು, ಒತ್ತಿದರೆ ಕಲ್ಲಿನಂತಿರಬೇಕು, ಹಸಿರು ಮಾಸಿರಬೇಕು. ತೂತು ಇರಬಾರದು, ಗುಲಾಬಿ ಕಾಯಿಕೊರಕ ಹೊಕ್ಕ ಕಾಯಿ ಅರ್ಧ ಬಾಯಿ ಬಿಟ್ಟು ನಿಲ್ಲುತ್ತದೆ. ಇವತ್ತು ರಾತ್ರಿಯೇ ಒಡೆಯುವ ಕಾಯಿಯನ್ನು ಗುರುತಿಸಲು ಇನ್ನೊಂದು ಗುಟ್ಟಿದೆ, ಅದು ನನ್ನಲ್ಲೇ ಇರಲಿ.

ಟೊಂಗೆ ಒಣಗುತ್ತ ಜೋಲುತ್ತದೆ. ಮೊದಲ ಎರಡು ಟೇಕಿನಲ್ಲಿ ಕಾಯಿ ಫ್ರೇಮಿನಿಂದಲೇ ಇಳಿದುಹೋಯಿತು. ಕಾಯಿಯ ತೊಟ್ಟನ್ನು ದಪ್ಪ ಕಬ್ಬಿಣದ ಕಡ್ಡಿಗೆ ಎಂ-ಸೀಲ್‌ನಿಂದ ಅಂಟಿಸಿದ ಮೇಲೆ ಆ ಕಾಟ ತಪ್ಪಿತು. ಕ್ಯಾಮೆರಾ, ಕಡ್ಡಿ ಎರಡೂ ಗೋಡೆಯ ಕಡಪಾ ಕಲ್ಲಿನ ಗೂಡಿನಲ್ಲಿ. ಕಿಟಕಿಗೆ ಕರಿ ಬಟ್ಟೆ, ಫ್ಯಾನ್ ಬಂದ್. ಕ್ಯಾಮೆರಾ ಸೆಟ್ಟಿಂಗ್: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್ 11, ಐಎಸ್‌ಒ 100, ಶಟರ್ ಅರ್ಧ ಸೆಕೆಂಡ್, ಎರಡು ನಿಮಿಷಕ್ಕೊಂದು ಫೋಟೊ. ಮೂರು ದಿನಕ್ಕೆ 2160 ಫೋಟೊ, ಸುಮಾರು 13 ಜಿಬಿ. ಹತ್ತಿ ಉಬ್ಬುತ್ತ ಲೆನ್ಸಿನ ಕಡೆಗೇ ಬರುತ್ತದೆ, ಅದಕ್ಕೆ ಸುತ್ತ ಒಂದು ಕಾಯಿಯಷ್ಟು ಜಾಗ ಬಿಡಿ.

ತಲೆ ತಿಂದದ್ದು ಬೆಳಕು. ಒಂದೇ ಬದಿಗೆ 60 ವ್ಯಾಟಿನ ಹಳೇ ಬಲ್ಬ್ ಇಟ್ಟೆ: ಆ ಬದಿಯ ಸಿಪ್ಪೆ ಮೊದಲು ಒಣಗಿ ಕಾಯಿ ಸೊಟ್ಟಗೆ ಒಡೆಯಿತು. ಎಲ್‌ಇಡಿಗೆ ಬಂದರೆ ಕರೆಂಟ್ ಹೋದಾಗೆಲ್ಲ ಕರಿ ಫ್ರೇಮು. ಕೊನೆಗೆ 12 ವೋಲ್ಟ್, 7 ಎಎಚ್ ಬ್ಯಾಟರಿಗೆ ಚಾರ್ಜರ್ ಹಾಕಿ, ವೋಲ್ಟೇಜನ್ನು ಒಂದೇ ಸಮ ಇಡುವ ಬಕ್-ಬೂಸ್ಟ್ ಮಾಡ್ಯೂಲ್ ಮೂಲಕ ಎರಡು ಬದಿಗೂ 5 ವ್ಯಾಟಿನ ಎಲ್‌ಇಡಿ ಕೊಟ್ಟೆ. ಮಾಡ್ಯೂಲ್ ಇಲ್ಲದಿದ್ದರೆ ಬ್ಯಾಟರಿ ಇಳಿದಷ್ಟೂ ದೀಪ ಮಂಕಾಗುತ್ತದೆ. ಆಮೇಲೂ ಸಣ್ಣ ಮಿಣುಕು ಉಳಿಯಿತು, ಅದು ಲೆನ್ಸಿನದು. ಅಪರ್ಚರ್ ಪ್ರತಿ ಸಲವೂ ಕೂದಲೆಳೆ ಹೆಚ್ಚುಕಡಿಮೆ ಮುಚ್ಚುತ್ತದೆ. ಅಪರ್ಚರನ್ನು ಮುಚ್ಚಿ ತೋರಿಸುವ ಪ್ರಿವ್ಯೂ ಗುಂಡಿ ಒತ್ತಿ ಹಿಡಿದು, ಅದು ಮುಚ್ಚಿದಷ್ಟರಲ್ಲೇ ನಿಲ್ಲಲೆಂದು ಲೆನ್ಸನ್ನು ತುಸು ತಿರುಗಿಸಿಟ್ಟೆ, ಮಿಣುಕು ಹೋಯಿತು. ಮಿಣುಕು ತೆಗೆಯುವ ಡಿಫ್ಲಿಕರ್ ಸಾಫ್ಟ್‌ವೇರಿಗೆ ದುಡ್ಡು ಕೊಡುವ ಮೊದಲು ಇದನ್ನು ಮಾಡಿ ನೋಡಿ.

ಖರ್ಚು ನೆನಪಿದ್ದಷ್ಟು: ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ 14 ಸಾವಿರ, ಹತ್ತಿರದಿಂದ ತೆಗೆಯಲು ಲೆನ್ಸಿನ ಹಿಂದೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್ ಏಳೆಂಟು ನೂರು, ಹೊತ್ತಿಗೆ ಸರಿಯಾಗಿ ತಾನೇ ಕ್ಲಿಕ್ ಮಾಡಿಸುವ ಇಂಟರ್ವಲೋಮೀಟರ್ ಸಾವಿರದೊಳಗೆ, ಹೊರಗಿನಿಂದ ಕ್ಯಾಮೆರಾಗೆ ಕರೆಂಟ್ ಕೊಡುವ ಡಮ್ಮಿ ಬ್ಯಾಟರಿ ಒಂದೂವರೆ ಸಾವಿರ, ದೀಪ-ಬ್ಯಾಟರಿ ಎಲ್ಲ ಸೇರಿ ಎರಡು ಸಾವಿರ. ಲೆನ್ಸ್ ಮೊದಲೇ ಇತ್ತು. ಕೆಟ್ಟ ಟೇಕ್ ಕೂಡ ಎರಡು ಸಾವಿರ ಕ್ಲಿಕ್ ತಿನ್ನುತ್ತದೆ, ಶಟರ್ ಸವೆತವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇದೇ ಸೆಟಪ್‌ನಲ್ಲಿ ಕುಂಡದ ಗಿಡದ ಹೂವನ್ನೂ ಹಿಡಿದೆ. ಹತ್ತಿ ಹೂ ಮೊದಲ ದಿನ ಕೆನೆ ಬಿಳುಪು, ಮರುದಿನ ಗುಲಾಬಿ. ಕ್ಯಾಮೆರಾ ತಾನೇ ಬಣ್ಣ ಸರಿಮಾಡುವ ಆಟೊ ವೈಟ್ ಬ್ಯಾಲೆನ್ಸ್ ಆ ಗುಲಾಬಿಯನ್ನೇ ನುಂಗಿತು. ಅದನ್ನು 5000 ಕೆಲ್ವಿನ್‌ಗೆ ಕಟ್ಟಿಹಾಕಿದ ಮೇಲೆ ಬಣ್ಣ ಬಂತು.

ಕಾಯಿಯ ಸಿಪ್ಪೆಯಂತೆಯೇ ಒಣಗುವುದರಿಂದ ನಡೆಯುವ, ಆದರೆ ಟೈಮ್‌ಲ್ಯಾಪ್ಸೇ ಬೇಡದ ಒಂದು ಆಟವೂ ಇದೆ. ಕೊಪ್ಪಳದ ಗುಡ್ಡ ಹತ್ತಿದರೆ ಪ್ಯಾಂಟಿಗೆ ಚುಚ್ಚಿಕೊಳ್ಳುವ ಹುಲ್ಲಿನ ಬೀಜವಿದೆಯಲ್ಲ, ಅದರ ಚೂಪು ತುದಿಯನ್ನು ಹಸಿ ಜೇಡಿಮಣ್ಣಿನ ಉಂಡೆಗೆ ನೆಟ್ಟು, ಒಣಗಿ ಗಟ್ಟಿಯಾದ ಮೇಲೆ ಬಾಲಕ್ಕೆ ಒಂದು ಹನಿ ನೀರು ಬಿಡಿ. ಹುರಿ ಬಿಚ್ಚುತ್ತ ಬಾಲ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಫೋನಿಗೆ ಸಿಕ್ಕಿಸುವ ಕ್ಲಿಪ್ ಮ್ಯಾಕ್ರೊ ಲೆನ್ಸ್ ಸಾಕು. ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಒಂದೇ ಬೀಜದಲ್ಲಿ ನಾಲ್ಕೈದು ಟೇಕ್ ಸಿಗುತ್ತದೆ.